ಕೂಲಿಂಗ್ ಆದ ಮಗು: ಫ್ಯಾನ್ ನೋಡುತ್ತಾನೆ, ನನ್ನ ಮುಖ ನೋಡಲ್ಲ

ಕಲಬುರಗಿ_ಅವ್ವ:
ಮಗನಿಗೆ 5 ತಿಂಗಳು. ಹುಟ್ಟಿದಾಗ ಅಳಲಿಲ್ಲ, ಮೆದುಳಿಗೆ ಆಕ್ಸಿಜನ್ ಕಡಿಮೆ ಆಗಿದೆ ಅಂತ 72 ಗಂಟೆ ಮೈ ತಣ್ಣಗಿಟ್ಟು ಕೂಲಿಂಗ್ ಮಾಡಿದರು. ಈಗ ಹಾಲು ಚೆನ್ನಾಗಿ ಕುಡಿಯುತ್ತಾನೆ, ಫಿಟ್ಸ್ ಮತ್ತೆ ಬಂದಿಲ್ಲ. ಆದರೆ ನನ್ನ ಮುಖ ನೋಡಲ್ಲ. ತಿರುಗೋ ಫ್ಯಾನು, ಟ್ಯೂಬ್‌ಲೈಟು, ಅವೆರಡೇ. ಕಣ್ಣಿನ ಡಾಕ್ಟರ್ ಡ್ರಾಪ್ಸ್ ಹಾಕಿ ನೋಡಿ ‘ಕಣ್ಣು ಸರಿ ಇದೆ’ ಅಂದರು. ಅತ್ತೆ ‘ಗಂಡು ಹುಡುಗರು ತಡಾನೇ, ಸುಮ್ನಿರು’ ಅನ್ನುತ್ತಾರೆ. ಕಣ್ಣು ಸರಿ ಇದ್ದರೆ ಯಾಕೆ ನೋಡಲ್ಲ?

ಬೀದರ್_ಅಪ್ಪ:
ಅಕ್ಕಾ, ನಮ್ಮ ಮಗಳದೂ ಇದೇ ಕಥೆ, ಈಗ ಅವಳಿಗೆ 6 ವರ್ಷ. ಕಣ್ಣು ಸರಿ ಇದ್ದರೂ ಕಂಡಿದ್ದು ಏನು ಅಂತ ತಿಳಿಯೋದು ಮೆದುಳಿಗೆ, ಪೆಟ್ಟು ಬಿದ್ದಿರೋದೂ ಅಲ್ಲಿಗೇ ಅಲ್ವಾ. ಸಿವಿಐ ಅಂತಾರೆ. ನಮಗೆ ಈ ಹೆಸರು ಗೊತ್ತಾಗಿದ್ದೇ ಹೈದರಾಬಾದ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಗೆ ಹೋದ ಮೇಲೆ.

ಇವಳನ್ನು ಅಜ್ಜಿ ಹೊಲಿದ ಕೌದಿ ಮೇಲೆ ಮಲಗಿಸುತ್ತಿದ್ದೆವು. ಎಲ್ಲಾ ಬಣ್ಣದ ತುಂಡು ಬಟ್ಟೆ, ಅದರ ಮೇಲೆ ಆಟಿಕೆ ಇಟ್ಟರೆ ಅವಳ ಪಾಲಿಗೆ ಅದು ಇಲ್ಲವೇ ಇಲ್ಲ. ಕೌದಿ ತೆಗೆದು ಕಪ್ಪು ಬಟ್ಟೆ ಹಾಸಿ, ಒಂದೇ ಒಂದು ಕೆಂಪು ಪ್ಲಾಸ್ಟಿಕ್ ಲೋಟ ಮೆಲ್ಲಗೆ ಅಲ್ಲಾಡಿಸಿದೆ. ತುಂಬಾ ಹೊತ್ತು ಏನೂ ಇಲ್ಲ, ನನ್ನ ಕೈ ನೋಯೋಕೆ ಶುರುವಾಯಿತು, ಆಗ ಕಣ್ಣು ತಿರುಗಿತು ನೋಡಿ. ಈಗ ಪುಸ್ತಕ ಓದುತ್ತಾಳೆ, ಆದರೆ ಮದುವೆ ಮನೆ ಗದ್ದಲದಲ್ಲಿ ಎದುರಿಗೇ ನಿಂತಿರೋ ನನ್ನನ್ನು ಹುಡುಕುತ್ತಾಳೆ, ದನಿ ಕೇಳಿದ ಮೇಲೇ ಓಡಿ ಬರೋದು.

ಯಾದಗಿರಿ_ಫಿಸಿಯೋ:
ಕೂಲಿಂಗ್ ಅಂದರೆ ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ ಮೈಯನ್ನು 33–34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಇಡೋದು. ಮೆದುಳಿಗೆ ಆಗೋ ಹಾನಿ ತಗ್ಗಲಿ ಅಂತ, ಆಗಿಹೋಗಿದ್ದನ್ನು ಅದು ಅಳಿಸಲ್ಲ. ಮಗು 2–3 ತಿಂಗಳಿಗೇ ಮುಖ ನೋಡಬೇಕು, 5 ತಿಂಗಳಾದರೂ ಇಲ್ಲ ಅಂದರೆ ಕಾಯಬೇಡಿ, ಅತ್ತೆಯವರು ಏನೇ ಹೇಳಲಿ. ಸಿವಿಐ ಹೌದೋ ಅಲ್ಲವೋ ಡಾಕ್ಟರೇ ಹೇಳಬೇಕು. ಬೆಳಕು, ಅಲ್ಲಾಡೋ ವಸ್ತು ಮಾತ್ರ ನೋಡುತ್ತಾನೆ ಅನ್ನೋದನ್ನು ಅವರಿಗೆ ಬಿಡಿಸಿ ಹೇಳಿ. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿ ಅಂತ ಕೇಳಿ, ಮಕ್ಕಳ ಬೆಳವಣಿಗೆ ತೊಂದರೆಗಳನ್ನು ಬೇಗ ನೋಡೋ ಕೇಂದ್ರ ಅದು. ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ ಆರ್‌ಬಿಎಸ್‌ಕೆಯದು, ದುಡ್ಡು ಕೊಡಬೇಕಿಲ್ಲ. ಇನ್ನೊಂದು, ಏನಾದರೂ ತೋರಿಸುವಾಗ ಮಾತಾಡಬೇಡಿ. ಇಂಥ ಮಕ್ಕಳಿಗೆ ಕೇಳೋದು, ನೋಡೋದು ಎರಡೂ ಒಟ್ಟಿಗೆ ಕಷ್ಟ.

ಕಲಬುರಗಿ_ಅವ್ವ:
ಹೌದಣ್ಣಾ! ಈಗಷ್ಟೇ ಕೌದಿ ತೆಗೆದು ಹಳದಿ ಚೆಂಡು ಹಿಡಿದೆ, ಒಳಗೆ ಅತ್ತೆ ರೊಟ್ಟಿ ಬಡೀತಿದ್ದಾರೆ, ಇವನ ಧ್ಯಾನವೆಲ್ಲಾ ಆ ಸದ್ದಿನ ಮೇಲೆ. ರೊಟ್ಟಿ ಮುಗಿಯಲಿ, ಮತ್ತೆ ಹಿಡೀತೀನಿ. ಎಂಆರ್‌ಐ ಸಿಡಿ ಮನೇಲಿದೆ, ತಗೊಂಡು ಹೋಗಬೇಕಾ?

ಯಾದಗಿರಿ_ಫಿಸಿಯೋ:
ಹೂಂ, ಡಿಸ್ಚಾರ್ಜ್ ಫೈಲೂ ಇರಲಿ.