ಅಪ್‌ಡೇಟ್: ಚಿಕ್ಕಮ್ಮನ ರೇಷನ್ ಕಾರ್ಡ್, ಅಂತೂ ಪರಿಶೀಲನೆಗೆ ಬಂದರು

ಚಿಕ್ಕಮ್ಮನ ಬಿಪಿಎಲ್ ಅರ್ಜಿಗೆ ಸ್ಥಳ ಪರಿಶೀಲನೆ ಮೂರು ಸಲ ಮುಂದೂಡಿದ್ದಾರೆ, ಏನು ಮಾಡೋದು ಅಂತ ಮಳೆಗಾಲದಲ್ಲಿ ಇಲ್ಲಿ ಕೇಳಿದ್ದೆ. ಹಳ್ಳದ ಆಚೆ ಒಂಟಿ ಮನೆ, ಚಿಕ್ಕಪ್ಪ ತೀರಿಕೊಂಡ ಮೇಲೆ ಒಬ್ಬರೇ.

ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿ ಅಂದವರಿಗೆ: ಮಾಡಿದೆ, ದೂರು ಬರೆದುಕೊಂಡರು, ಅಷ್ಟೇ. ಕೆಲಸಕ್ಕೆ ಬಂದಿದ್ದು ಇನ್ನೊಬ್ಬರ ಸಲಹೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ ಅಂತ ಇರ್ತಾರೆ, ಅವರಿಗೆ ಬರೆಯಿರಿ ಅಂದಿದ್ದರಲ್ಲ, ಬರೆದೆ. ಮೂರು ತಾರೀಖನ್ನೂ ಹಾಕಿ, ಸ್ವೀಕೃತಿ ಚೀಟಿಯ ಜೆರಾಕ್ಸ್ ಲಗತ್ತಿಸಿದೆ.

ಎರಡು ವಾರಕ್ಕೆ ಆಹಾರ ನಿರೀಕ್ಷಕರು ಬಂದರು. ಜೀಪು ಹಳ್ಳದ ಸಂಕದ (ಕಾಲುಸೇತುವೆ) ಈಚೆಗೇ ನಿಂತಿತು. ಅಡಿಕೆ ದಬ್ಬೆಯ ಸಂಕ ಜಾರುತ್ತಿತ್ತು, ಚಪ್ಪಲಿ ಕೈಯಲ್ಲಿ ಹಿಡಿದೇ ದಾಟಿದರು. ಜಗಲಿ ಹತ್ತುವಾಗ ಕಾಲಲ್ಲಿ ನಾಲ್ಕು ಉಂಬಳ (ಜಿಗಣೆ)! ಚಿಕ್ಕಮ್ಮ ಎಲೆ ತಟ್ಟೆಯಿಂದ ಸುಣ್ಣ ತಂದು ಕೊಟ್ಟರು. "ಇಷ್ಟು ದೂರ ಅಂತ ಗೊತ್ತಿರಲಿಲ್ಲಮ್ಮ" ಅಂದರು ನಿರೀಕ್ಷಕರು, ಪಾಪ. ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಕಚೇರಿಯ ಮೇಲೆ ಹಾಗೇ ಇದೆ.

ಪರಿಶೀಲನೆಯ ಫೋಟೊ ಕಳಿಸೋಕೆ ನೆಟ್‌ವರ್ಕ್ ಇಲ್ಲ, ಗುಡ್ಡದ ನೆತ್ತಿಗೇ ಹತ್ತಬೇಕಾಯ್ತು.

ಒಂಟಿ ವಿಧವೆ, ಆದಾಯವಿಲ್ಲ ಅಂದಮೇಲೆ ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡ್‌ಗೂ ಕೇಳಬಹುದು ಅಂತ ಅವರೇ ಹೇಳಿದರು. ಅದರಲ್ಲಿ ಕುಟುಂಬಕ್ಕೆ ತಿಂಗಳಿಗೆ 35 ಕೆಜಿ ಧಾನ್ಯ. ಅರ್ಜಿ ಬರೆದುಕೊಟ್ಟಿದ್ದೇವೆ. ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಸದ್ಯಕ್ಕೆ ನಮ್ಮನೆ ಅಕ್ಕಿಯೇ ವಾರಕ್ಕೊಮ್ಮೆ ಸಂಕ ದಾಟುತ್ತಿದೆ.