ಸಿಬಿಡಿ ಎಣ್ಣೆಯ ಲೇಬಲ್ ಓದಿ ತಲೆ ಕೆಟ್ಟಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಂಡಿ ನೋವಿಗೆ ಹಚ್ಚುವುದಲ್ಲ, ನಾಲಿಗೆ ಕೆಳಗೆ ಬಿಟ್ಟುಕೊಳ್ಳುವುದು ಅಂತ ಹೇಳಿ ಗೆಳೆಯನೊಬ್ಬ ಸಿಬಿಡಿ ಎಣ್ಣೆಯ ಪುಟ್ಟ ಬಾಟಲಿ ಕೊಟ್ಟಿದ್ದಾನೆ. ಒಂದು ವಾರದಿಂದ ಮೇಜಿನ ಮೇಲೆ ಸುಮ್ನೆ ಕೂತಿದೆ. ಮುಚ್ಚಳ ಇನ್ನೂ ತೆಗೆದಿಲ್ಲ.

ನನಗೆ ಅರ್ಥವಾಗಿರುವುದು ಇಷ್ಟು. ಸಿಬಿಡಿ ಅಂದರೆ ಕ್ಯಾನಬಿಡಿಯಾಲ್. ಗಾಂಜಾ ಜಾತಿಯ ಗಿಡದಿಂದಲೇ ಬರುತ್ತದೆ, ಆದರೆ ಅಮಲೇರಿಸುವುದು ಇದಲ್ಲ, ಅದೇ ಗಿಡದ ಇನ್ನೊಂದು ಅಂಶವಾದ ಟಿಎಚ್‌ಸಿ. ಹೆಂಪ್ (ಅಮಲಿನ ಅಂಶ ತೀರಾ ಕಡಿಮೆ ಇರುವ ಗಾಂಜಾ ತಳಿ) ಬೀಜದ ಎಣ್ಣೆ ಬೇರೆಯೇ, ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. (ನಾನು ಎರಡೂ ಒಂದೇ ಅಂದುಕೊಂಡಿದ್ದೆ!) 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಿಬಿಡಿಯ ಔಷಧಿಯೊಂದಕ್ಕೆ ಒಪ್ಪಿಗೆ ಕೊಟ್ಟಿತು, ಅದೂ ಅಪರೂಪದ ಎರಡು ಬಗೆಯ ಮೂರ್ಛೆರೋಗಕ್ಕೆ. ಮಂಡಿ ನೋವಿಗಲ್ಲ.

ಈಗ ಲೇಬಲ್. 30 ಮಿಲಿ, 1500 ಮಿಗ್ರಾಂ ಅಂತಿದೆ. ಅಂದರೆ ಮಿಲಿಗೆ 50 ಮಿಗ್ರಾಂ. ಮಿಲಿಗೆ ಸುಮಾರು 20 ಹನಿ ಅಂತ ಹಿಡಿದರೆ ಹನಿಗೆ ಎರಡೂವರೆ. ಲೆಕ್ಕ ಸರಿ ತಾನೇ? ಪಕ್ಕದಲ್ಲೇ 'ಫುಲ್ ಸ್ಪೆಕ್ಟ್ರಮ್' ಅಂತ ಬರೆದಿದೆ, ಅಂದರೆ ಗಿಡದ ಬೇರೆ ಅಂಶಗಳೂ ಸೇರಿರುವ ಎಣ್ಣೆ. ಇದರಲ್ಲಿ ಟಿಎಚ್‌ಸಿಯೂ ಚೂರು ಇರಬಹುದಂತೆ, ಮಾದಕವಸ್ತು ಪತ್ತೆಯ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದಂತೆ. 'ಐಸೊಲೇಟ್' ಆದರೆ ಬರೀ ಸಿಬಿಡಿ, ಅಲ್ವಾ?

ಜಾಸ್ತಿ ಭಯ ಇನ್ನೊಂದಕ್ಕೆ. ರಕ್ತ ಹೆಪ್ಪುಗಟ್ಟದಿರಲು ನಾನು ವಾರ್ಫರಿನ್ ಮಾತ್ರೆ ನುಂಗುತ್ತೇನೆ. ಲಿವರ್ ಅದನ್ನು ಕರಗಿಸುವ ಕೆಲಸವನ್ನು ಸಿಬಿಡಿ ನಿಧಾನ ಮಾಡಬಹುದು, ಆಗ ರಕ್ತಸ್ರಾವದ ಅಪಾಯ ಹೆಚ್ಚು. 'ಡಾಕ್ಟರನ್ನು ಕೇಳಿ' ಅನ್ನುತ್ತೀರಿ, ಗೊತ್ತು. ಗುರುವಾರ ಹೋಗುತ್ತಿದ್ದೇನೆ, ಅಲ್ಲಿಯವರೆಗೆ ಬಾಟಲಿ ಮುಟ್ಟುವುದಿಲ್ಲ. ಅವರ ಹತ್ತಿರ ಏನೇನು ಕೇಳಬೇಕು? ಬಾಟಲಿಯ ಲ್ಯಾಬ್ ರಿಪೋರ್ಟ್ ಓದಲು ಬರುವವರು ಯಾರಾದರೂ ಇದ್ದೀರಾ?