ಪದ ಬೇಕು: ಡಿವೈಸ್ ಟ್ರೀಯ ನೋಡ್, ಲೇಬಲ್, ಪಿಹ್ಯಾಂಡಲ್, ಅಲಿಯಾಸ್

ಎಲ್ಲರಿಗೂ ನಮಸ್ಕಾರ. ಯಂತ್ರದಲ್ಲಿ ಯಾವ ಸಾಧನ ಎಲ್ಲಿದೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ವಿವರಪಟ್ಟಿ ಡಿವೈಸ್ ಟ್ರೀ; ಅದರಲ್ಲಿನ ಒಂದೊಂದು ನಮೂದು ನೋಡ್. ಅದರ ಕೈಪಿಡಿಯೊಂದರ ಅನುವಾದ ನಾಳೆ ಬೆಳಿಗ್ಗೆ ಹೋಗಬೇಕು. ಹಳೆಯ ಕರಡಿನಲ್ಲಿ ನೋಡ್ ಒಂದನ್ನು ಬಿಟ್ಟು ಉಳಿದ ಮೂರಕ್ಕೂ ‘ಹೆಸರು’ ಎಂದೇ ಇದೆ. ಸಿಕ್ಕಿಕೊಂಡಿರುವ ವಾಕ್ಯ: ‘ಲೇಬಲ್ ಇರುವುದು ಮೂಲ ಕಡತದಲ್ಲಿ ಮಾತ್ರ, ಕಂಪೈಲ್ ಆದಮೇಲೆ ಉಳಿಯುವುದು ಪಿಹ್ಯಾಂಡಲ್.’ ಕರಡಿನಂತೆ ಬರೆದರೆ ಹೆಸರು ಅಳಿದು ಹೆಸರು ಉಳಿಯುತ್ತದೆ! ‘ಕ್ರಾಸ್ ರೆಫರೆನ್ಸ್’ಗೆ ‘ಪರಸ್ಪರ ಉಲ್ಲೇಖ’ ಎಂದು ಹಾಕಿದ್ದೇನೆ, ಸರಿಯೇ?

———

> ಪರಸ್ಪರ ಉಲ್ಲೇಖ

ತಪ್ಪು. ಪರಸ್ಪರ ಎಂದರೆ ಇಬ್ಬರೂ ಒಬ್ಬರನ್ನೊಬ್ಬರು ಕರೆಯಬೇಕು. ಇಲ್ಲಿ ಯುಆರ್ಟ್ (ಸೀರಿಯಲ್ ಪೋರ್ಟ್) ನೋಡ್ ತನಗೆ ಮಿಡಿತ ಕೊಡುವ ಕ್ಲಾಕ್ ನೋಡ್‌ನತ್ತ ಬೊಟ್ಟು ಮಾಡುತ್ತದೆ. ಕ್ಲಾಕ್‌ಗೆ ಯುಆರ್ಟ್‌ನ ಗೊಡವೆಯೇ ಇಲ್ಲ. ಬರೀ ‘ಉಲ್ಲೇಖ’ ಸಾಕು.

ನೋಡ್‌ಗೆ ಗೆಣ್ಣು. ಲ್ಯಾಟಿನ್ನಿನ ‘ನೋಡಸ್’ ಗಂಟೇ ಹೌದು, ಆದರೆ ಕನ್ನಡದ ಗಂಟು ಬಿಚ್ಚುವಂಥದ್ದು, ಇಲ್ಲವೇ ಕದ್ದೊಯ್ಯುವಂಥದ್ದು. ಕಬ್ಬಿನ ಮೊಳಕೆ ಒಡೆಯುವುದು ಗೆಣ್ಣಿನಲ್ಲಿ. ನೋಡ್‌ನಲ್ಲಿ ಮರಿನೋಡ್ ಹುಟ್ಟುವುದೂ ಹಾಗೆಯೇ. ‘ಈ ನೋಡ್ ನೋಡಿ’ ಎಂದು ಬರೆಯುವ ಅವಸ್ಥೆಯೂ ತಪ್ಪುತ್ತದೆ.

———

ಗೆಣ್ಣು ಕಬ್ಬಿಗೇ ಇರಲಿ. ಕಂಪೈಲರ್‌ನ ದೋಷಸಂದೇಶದಲ್ಲಿ ಬರುವುದು ನೋಡ್, ಓದುಗ ಹುಡುಕುವುದೂ ಅದನ್ನೇ.

ಪದಕ್ಕಿಂತ ಮೊದಲು ವಿಷಯ ಸರಿಯಾಗಲಿ. ಸೀರಿಯಲ್@40002000 ಎಂಬಲ್ಲಿ @ಗೆ ಮೊದಲಿರುವುದು ನೋಡ್ ಹೆಸರು. 31 ಅಕ್ಷರ ಮೀರುವಂತಿಲ್ಲ. ಅದು ಸಾಧನದ ಕೆಲಸ ಹೇಳಬೇಕು, ಚಿಪ್‌ನ ಮಾದರಿಯನ್ನಲ್ಲ; ಮಾದರಿಗೆ ‘ಕಂಪ್ಯಾಟಿಬಲ್’ ಎಂಬ ಪ್ರಾಪರ್ಟಿ ಇದೆ. @ ಆದಮೇಲೆ ಬರುವುದು ಯೂನಿಟ್ ವಿಳಾಸ. ಅದು ಸಾಧನದ ವಿಳಾಸ ಹೇಳುವ ‘ರೆಗ್’ ಪ್ರಾಪರ್ಟಿಯ ಮೊದಲ ವಿಳಾಸಕ್ಕೆ ತಾಳೆಯಾಗಬೇಕು, ‘ರೆಗ್’ ಇಲ್ಲದ ನೋಡ್‌ಗೆ @ ಕೂಡ ಬೇಡ, ಹಾಕಿದರೆ ಡಿಟಿಸಿ (ಡಿವೈಸ್ ಟ್ರೀ ಕಂಪೈಲರ್) ಎಚ್ಚರಿಸುತ್ತದೆ. ನಮ್ಮ ದಸ್ತಾವೇಜು ಓದಿ ರೂಢಿಯಾದವರು @ ಕಂಡರೆ ‘ಉರುಫ್’ ಎಂದುಕೊಳ್ಳುತ್ತಾರೆ. ಅಡಿಟಿಪ್ಪಣಿ ಹಾಕಿ.

ನೋಡ್ ಹೆಸರಿಗೆ ಮುಂಚೆ ಕೋಲನ್ ಸಮೇತ ಬರೆಯುವ ‘ಯುಆರ್ಟ್2:’ ಲೇಬಲ್. ಅದರಲ್ಲಿ - ಸಲ್ಲದು, _ ಸಲ್ಲುತ್ತದೆ. ಆಮೇಲೆ &ಯುಆರ್ಟ್2 ಎಂದು < > ಒಳಗೆ ಬರೆದರೆ ಅದು 32 ಬಿಟ್‌ನ ಸಂಖ್ಯೆಯಾಗುತ್ತದೆ. ಆ ಸಂಖ್ಯೆಯೇ ಪಿಹ್ಯಾಂಡಲ್. < > ಇಲ್ಲದೆ ಬರೆದರೆ ಬೇರಿನಿಂದ ಹಿಡಿದು ಪೂರ್ತಿ ಪಥ ಅಕ್ಷರದಲ್ಲಿ ಕೂರುತ್ತದೆ. ಪಥಗಳಿಗೆ ಅಲಿಯಾಸ್ ಎಂಬ ಚಿಕ್ಕ ಹೆಸರು ಕೊಡುವ ಅಲಿಯಾಸಸ್ ನೋಡ್‌ಗೆ ಬೇಕಾದದ್ದು ಪಥ. ಅಲ್ಲಿ < > ಹಾಕಿದರೆ ಅಲಿಯಾಸ್ ಕೆಲಸ ಮಾಡದು. ನಿಮ್ಮ ವಾಕ್ಯಕ್ಕೂ ಒಂದು ತಿದ್ದುಪಡಿ ಬೇಕು: ಡಿಟಿಸಿಗೆ -@ ಆಯ್ಕೆ ಕೊಟ್ಟರೆ ‘__ಸಿಂಬಲ್ಸ್__’ ನೋಡ್‌ನಲ್ಲಿ ಲೇಬಲ್‌ಗಳೂ ಉಳಿಯುತ್ತವೆ. ಓವರ್‌ಲೇಗಳು (ಮೂಲ ಟ್ರೀಯ ಮೇಲೆ ಆಮೇಲೆ ಹೊದಿಸುವ ತುಣುಕುಗಳು) ನೆಚ್ಚಿಕೊಂಡಿರುವುದು ಅದನ್ನೇ.

———

ಪಿಹ್ಯಾಂಡಲ್‌ಗೆ ‘ಹಿಡಿ’. ‘ಪಿ’ ಎಂದರೆ ಪಾಯಿಂಟರ್ ಎಂದುಕೊಂಡು ‘ಸೂಚಕ’ ಸೇರಿಸಬೇಡಿ. ಓಪನ್ ಫರ್ಮ್‌ವೇರ್‌ನ ಐಇಇಇ 1275 (1994) ಮಾನಕದಲ್ಲಿ ಅದು ಪ್ಯಾಕೇಜ್ ಹ್ಯಾಂಡಲ್. ಜೊತೆಗಾರ ಐಹ್ಯಾಂಡಲ್, ಇನ್‌ಸ್ಟನ್ಸ್‌ನದು. ‘ಫ್ಯಾಂಡಲ್’ ಎಂದು ಬರೆದರಂತೂ ಪದದ ಹುಟ್ಟೇ ಅಳಿಸಿಹೋಗುತ್ತದೆ. ಲೇಬಲ್‌ಗೆ ಹಣೆಪಟ್ಟಿ, ಅಲಿಯಾಸ್‌ಗೆ ಅಡ್ಡಹೆಸರು. ಎಲ್ಲ ಇಂಗ್ಲಿಷೇ ಇರಲಿ ಎನ್ನುವುದಾದರೆ ಅನುವಾದ ಯಾಕೆ?

———

ಹಣೆಪಟ್ಟಿ ಮನುಷ್ಯರಿಗೆ ಕಟ್ಟುವುದು, ಅದೂ ಬೈಯಲಿಕ್ಕೆ. ಇನ್ನು ‘ಹಿಡಿ’ ಎಂದರೆ ಅಳತೆ. ಪಿಹ್ಯಾಂಡಲ್ 0 ಆಗಕೂಡದು, 32 ಬಿಟ್ ಎಲ್ಲವೂ 1 ಇರುವ ಸಂಖ್ಯೆಯೂ ಆಗಕೂಡದು. ‘ಹಿಡಿ 0 ಆಗಕೂಡದು’ ಎಂದು ಓದಿ ನೋಡಿ. ಪಿಹ್ಯಾಂಡಲ್ ಆದಮೇಲೆ ಎಷ್ಟು ಸೆಲ್ (32 ಬಿಟ್‌ನ ಸಂಖ್ಯೆ) ಬರಬೇಕೆಂದು ಹೇಳುವುದು ಗುರಿಯ ನೋಡ್‌ನಲ್ಲಿರುವ #ಕ್ಲಾಕ್-ಸೆಲ್ಸ್. ಅಲ್ಲಿ 1 ಇದ್ದು ಇಲ್ಲಿ ಸೆಲ್ ಬಿಟ್ಟುಹೋದರೆ, ಸಾಲಿನ ಮುಂದಿನ ಪಿಹ್ಯಾಂಡಲನ್ನೇ ಕ್ಲಾಕ್ ಸಂಖ್ಯೆ ಎಂದು ತಂತ್ರಾಂಶ ಓದಿಕೊಳ್ಳುತ್ತದೆ. ‘ಹಿಡಿಯಾದ ಮೇಲೆ ಒಂದು ಸೆಲ್’ ಎಂದರೆ ಯಾರಿಗೆ ಏನು ತಿಳಿಯಬೇಕು?

———

ಲಿಂಕ್‌ಗೆ ‘ಕೊಂಡಿ’ ಬಂದಾಗಲೂ ಹೀಗೇ ನಕ್ಕಿದ್ದರು. ನೀವು ಬರೆದ ‘ದಸ್ತಾವೇಜು’ ಪಾರಸಿ. ಅದರೊಳಗಿನ ‘ದಸ್ತ್’ ಎಂದರೆ ಕೈ. ಪಾರಸಿಯ ಕೈ ಆಗುತ್ತದೆ, ಇಂಗ್ಲಿಷಿನ ಹ್ಯಾಂಡ್ ಆಗುತ್ತದೆ, ಕನ್ನಡದ ಹಿಡಿಗೆ ಮಾತ್ರ ಗೇಲಿ.

———

ಎಲ್ಲರಿಗೂ ಧನ್ಯವಾದ. ನೋಡ್, ಲೇಬಲ್ ಹಾಗೇ ಇಟ್ಟೆ. ಅಲಿಯಾಸ್‌ಗೆ ಅಡ್ಡಹೆಸರು. ಮೊದಲ ಸಲ ಬಂದಲ್ಲಿ ‘ಪಿಹ್ಯಾಂಡಲ್ ಎಂಬ ಹಿಡಿಕೆಸಂಖ್ಯೆ’, ಆಮೇಲೆ ಬರೀ ಪಿಹ್ಯಾಂಡಲ್. -@ ತಿದ್ದುಪಡಿಯನ್ನೂ @ ಬಗ್ಗೆ ಅಡಿಟಿಪ್ಪಣಿಯನ್ನೂ ಸೇರಿಸಿದ್ದೇನೆ. ಕಡತ ಹೊರಟಿತು.

———

‘ಹಿಡಿಕೆಸಂಖ್ಯೆ’ ಅರಿಸಮಾಸ. ‘ಅಡಿಟಿಪ್ಪಣಿ’ಯೂ.